ಮಳೆಗಾಲಕ್ಕೆ ಮುಂಚೆ ಏಳು ದಿನದ ನೀರು, ಬುತ್ತಿ

ದಾವಣಗೆರೆ, 1 ಜೂನ್ 2025, ಭಾನುವಾರ

ಹೊಳೆ ಉಕ್ಕಿದಾಗ ಅಕ್ಕಿಗಿಂತ ಮೊದಲು ಮುಗಿಯೋದು ಕುಡಿಯೋ ನೀರು. ಕರೆಂಟು ಹೋದರೆ ಪಂಪು ನಿಲ್ಲುತ್ತೆ. ಸಂಪು ತುಂಬಿದ್ದರೂ ಮೋಟರ್ ಓಡದೆ ಮೇಲಿನ ಟ್ಯಾಂಕು ಖಾಲಿ. ಸಂಪಿನ ಪಕ್ಕ ಹಗ್ಗ ಕಟ್ಟಿದ ಬಕೆಟ್ ಇರಲಿ. ಆದರೆ ರಸ್ತೆ ನೀರು ಸಂಪಿನ ಮುಚ್ಚಳದ ಮೇಲೆ ನಿಂತಿದ್ದರೆ ಚರಂಡಿ ಒಳಗಿಳಿದಿದೆ ಅಂತಲೇ ಲೆಕ್ಕ. ಅದು ಕುಡಿಯೋಕೆ ಬೇಡ.

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್. ನಾಲ್ಕು ಜನಕ್ಕೆ ಏಳು ದಿನಕ್ಕೆ 112, ಅಂದರೆ 20 ಲೀಟರಿನ ಆರು ಕ್ಯಾನ್. ಎಣ್ಣೆ, ಹಾಲು, ಫಿನಾಯಿಲ್ ಇದ್ದ ಕ್ಯಾನು ಎಷ್ಟು ತೊಳೆದರೂ ಬೇಡ. ಬಿಸಿಲಲ್ಲಿಟ್ಟರೆ ಪಾಚಿ ಕಟ್ಟುತ್ತೆ, ಅಟ್ಟಕ್ಕೇರಿಸಿದರೆ ಇಳಿಸೋದು ಯಾರು? ಮಂಚದ ಕೆಳಗೇ ಸರಿ. ತಿಂಗಳಿಗೊಮ್ಮೆ ಹಳೇ ನೀರು ಗಿಡಕ್ಕೆ ಹಾಕಿ ಹೊಸದು ತುಂಬಿ. ಬಚ್ಚಲಿಗೆ, ಪಾತ್ರೆಗೆ ಬೇರೆ ಡ್ರಮ್.

ಕೆಂಪು ನೀರು ಬಂದರೆ ಮೊದಲು ತಿಳಿಯಾಗಲು ಬಿಟ್ಟು ದಪ್ಪ ಬಟ್ಟೆಯಲ್ಲಿ ಸೋಸಿ. ಆಮೇಲೆ ಕುದಿಸಿ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ; ಎಷ್ಟು ಲೀಟರಿಗೆ ಒಂದು ಅಂತ ಮಾತ್ರೆಯ ಪೊಟ್ಟಣದ ಮೇಲೇ ಇರುತ್ತೆ. ಮಣ್ಣು ಹಾಗೇ ಇದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿ ಕ್ರಿಮಿ ಉಳಿದುಬಿಡುತ್ತೆ. ಜಗಳೂರು ಕಡೆಯ ಬೋರ್‌ವೆಲ್ ನೀರಲ್ಲಿ ಕರಗಿರೋ, ಹಲ್ಲು ಮೂಳೆ ಕೆಡಿಸೋ ಫ್ಲೋರೈಡ್ ಇದ್ಯಾವುದಕ್ಕೂ ಹೋಗಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಅಂಶ ಇನ್ನೂ ಹೆಚ್ಚುತ್ತೆ.

ಅನ್ನ, ಬೇಳೆಗೆ ತೊಳೆಯೋಕೂ ನೀರು, ಬೇಯೋಕೂ ನೀರು, ಮೇಲೆ ಗ್ಯಾಸು. ಹಾಗಾಗಿ ಒಲೆ ಹಚ್ಚದೆ ತಿನ್ನೋದನ್ನೇ ಮೊದಲು ಇಡಿ. ನಾಲ್ಕು ಜನಕ್ಕೆ ವಾರಕ್ಕೆ ಅವಲಕ್ಕಿ 4 ಕೆಜಿ, ಹುರಿಗಡಲೆ 2, ಶೇಂಗಾ 2, ಬೆಲ್ಲ ಒಂದೂವರೆ, ನೂರು ಕಡಕ್ ಜೋಳದ ರೊಟ್ಟಿ, ಚಟ್ನಿಪುಡಿ. ತೆಳು ಅವಲಕ್ಕಿಯಾದರೆ ನೀರು ಚಿಮುಕಿಸಿದರೆ ಸಾಕು. ಮಂಡಕ್ಕಿ ಇಲ್ಲದ ದಾವಣಗೆರೆ ಮನೆ ಯಾವುದಿದೆ, ಆದರೆ ಡಬ್ಬಿ ತುಂಬ ಜಾಗ ತಿಂದು ಹೊಟ್ಟೆಗೆ ಸಿಗೋದು ಸ್ವಲ್ಪ. ಮಳೆ ಗಾಳಿಗೆ ಒಂದೇ ರಾತ್ರಿಗೆ ಮೆತ್ತಗೂ ಆಗುತ್ತೆ.

ಎಣ್ಣೆಯಂಶ ಇರೋದು ಬೇಗ ಕೆಡುತ್ತೆ. ಹುರಿದ ಶೇಂಗಾ ಬೇಗ ಕಮಟುತ್ತೆ, ಸಿಪ್ಪೆ ಸಮೇತ ಹುರಿಯದ್ದನ್ನೇ ಇಡಿ. ಪಾಲಿಶ್ ಮಾಡದ ಸಾಮೆ, ನವಣೆ ಅಕ್ಕಿಯೂ ಹಾಗೇ, ಆಗಾಗ ಸ್ವಲ್ಪ ತಂದರೆ ಒಳ್ಳೇದು. ರಾಗಿ ಕಾಳಾಗಿದ್ದರೆ ವರ್ಷಗಟ್ಟಲೆ ಇರುತ್ತೆ. ಹಿಟ್ಟು ಮಾಡಿಸಿದ್ದು ಮಳೆಗಾಲದಲ್ಲಿ ಬೇಗ ಮುಗ್ಗಲಾಗುತ್ತೆ. ಬೇಳೆಗೆ ಹರಳೆಣ್ಣೆ ಸವರಿದರೆ ಹುಳು ಹತ್ತೋದು ಕಡಿಮೆ.

ಭೇದಿಗೆ ಓಆರ್‌ಎಸ್ (ನೀರಲ್ಲಿ ಕಲಸಿ ಕುಡಿಯೋ ಉಪ್ಪು-ಸಕ್ಕರೆ ಪುಡಿ) ಪೊಟ್ಟಣ ಇಡಿ. ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಗೋಪುರ ಕಟ್ಟದೆ ಮಟ್ಟವಾಗಿ ತುಂಬಿದ ಟೀ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ.