ತೆರೆ ಇಲ್ಲದ ಜಾಗ

"ಅಲ್ಲಿ ಬೇಡ ಮಾರಾಯ್ರೇ! ತೆರೆ ಇಲ್ದೇ ಇದ್ದಲ್ಲೇ ಎಳೀತದೆ!"

ಶನಿವಾರದ ಆ ಕೂಗು ಇನ್ನೂ ಕಿವಿಯಲ್ಲಿದೆ.

ಮುರುಡೇಶ್ವರದಲ್ಲಿ 123 ಅಡಿ ಶಿವನ ಎದುರು ಫೋಟೊ ಆಯಿತು. ಕಡಲಿಗೆ ಇಳಿಯೋಣ ಅಂದರೆ ಕಾಲಿಡಲು ಜಾಗವಿಲ್ಲ, ಬೋಟು, ಬಸ್ಸು ಬಸ್ಸು ಜನ, ಮಗಳ ಕೈ ಬಿಟ್ಟರೆ ಮುಗೀತು. ಹೆದ್ದಾರಿ 66 ಹಿಡಿದು ಹೊನ್ನಾವರದ ಕಡೆ ಬಂದು ಕಾಸರಕೋಡಿನಲ್ಲಿ ಇಳಿದೆವು. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಬೀಚು. ಗಾಳಿ ಮರದ ನೆರಳು, ಬುತ್ತಿ ಬಿಚ್ಚಿ ಕೂತ ಊರಿನ ಸಂಸಾರಗಳು. ಈಜುವುದಕ್ಕೆ ಗುರುತು ಹಾಕಿದ ಜಾಗವೂ ಇದೆ. ಜಾಣರಾದ ನಾವು ಅದನ್ನು ದಾಟಿ ಇನ್ನಷ್ಟು ಮುಂದೆ ನಡೆದೆವು.

ಅಲ್ಲಿ ಎರಡೂ ಕಡೆ ಅಲೆ ಒಡೆಯುತ್ತಿತ್ತು, ನಡುವೆ ಒಂದು ಪಟ್ಟಿ ಮಾತ್ರ ತಣ್ಣಗೆ, ಸ್ವಲ್ಪ ಕೆಸರು ಬಣ್ಣದಲ್ಲಿ. ಮಗುವಿಗೆ ಇದೇ ಸರಿ ಅಂತ ನಾನೇ ಆರಿಸಿದೆ, ಮಂಡಿವರೆಗೂ ಇಳಿಸಿದೆ. ದಾವಣಗೆರೆಯವಳು ನಾನು, ನೋಡಿ ಬೆಳೆದದ್ದು ಸೂಳೆಕೆರೆ. ನಿಂತ ನೀರು ಅಂದರೆ ಭಯವಿಲ್ಲದ ನೀರು ಅಂತಲೇ ತಿಳಿದಿದ್ದೆ. ನಮ್ಮ ಕಡೆಯ ಕೆರೆಗಳಲ್ಲೂ ಮಣ್ಣು ತೆಗೆದ ಗುಂಡಿಗಳಿಗೆ ಎಷ್ಟು ಮಕ್ಕಳು ಬಲಿಯಾಗಿಲ್ಲ? ಅದು ಹೊಳೆದದ್ದು ವಾಪಸ್ ಬರುವಾಗ ಕಾರಿನಲ್ಲಿ.

ಕೂಗಿದ್ದು ಮೊಮ್ಮಗನ ಜೊತೆ ಬಂದಿದ್ದ ಒಬ್ಬ ಮೀನುಗಾರ ಅಜ್ಜಿ. ನಮ್ಮವರು "ಸುಮ್ನೆ ಹೆದರಿಸ್ತಾರೆ" ಅಂದರು. ಅವರಿಗೆ ಈಜು ಬರುತ್ತದೆ, ಕ್ಲಬ್ಬಿನ ನಾಲ್ಕಡಿ ನೀರಿನಲ್ಲಿ. ಅಜ್ಜಿಗೆ ಕೇಳಿಸಿತೋ ಏನೋ, ಬಿದ್ದಿದ್ದ ಒಂದು ತೆಂಗಿನ ಸಿಪ್ಪೆ ಎತ್ತಿ ಆ ಪಟ್ಟಿಗೆ ಎಸೆದರು. ಅದು ದಡಕ್ಕೆ ಬರಲಿಲ್ಲ. ಯಾರೋ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಒಳಗೆ ಹೋಯಿತು, ಅಲೆ ಒಡೆಯುವ ಸಾಲನ್ನೂ ದಾಟಿತು. ನಾನು ಮಗಳನ್ನು ಎತ್ತಿಕೊಂಡದ್ದು ಯಾವಾಗಲೋ ಗೊತ್ತಿಲ್ಲ.

ಅಲೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಲ್ವಾ, ಮರಳಿನ ನಡುವಿನ ಆಳದ ಓಣಿ ಹುಡುಕಿಕೊಂಡು ಹೋಗುತ್ತದೆ. ಆಳ ಇರುವುದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡದೆ, ದಡದ ಉದ್ದಕ್ಕೇ ಅಡ್ಡವಾಗಿ ಈಜಿ ಓಣಿಯಿಂದ ಹೊರಬರಬೇಕಂತೆ. ಇಷ್ಟನ್ನು ಮನೆಗೆ ಬಂದು ರಾತ್ರಿಯೆಲ್ಲ ಓದಿದೆ. ಓದುವಾಗಲೂ ಕಣ್ಣ ಮುಂದೆ ಅದೇ ಸಿಪ್ಪೆ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲೇ ನೀರುಪಾಲಾದರು. ಆಗ ಟೀವಿ ಮುಂದೆ ಕೂತು "ಮಕ್ಕಳಿಗೆ ಬುದ್ಧಿ ಬೇಡವಾ" ಅಂದವಳೂ ನಾನೇ. ಬಯಲುಸೀಮೆಯ ಮಕ್ಕಳಿಗೆ ಆ ಬುದ್ಧಿಯನ್ನು ಯಾರು ಹೇಳಿಕೊಟ್ಟಿದ್ದರು? ನಲವತ್ತು ದಾಟಿದ ನನಗೇ ಒಬ್ಬ ಅಜ್ಜಿ ಕೂಗಿ ಹೇಳಬೇಕಾಯಿತು.

ಹೆಸರು ಕೇಳಲಿಲ್ಲ, ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳಲಿಲ್ಲ. ಮಗಳಿಗೆ ಮಾತ್ರ ಸಿಪ್ಪೆಯದೇ ಚಿಂತೆ. "ಅದು ವಾಪಸ್ ಬರುತ್ತಾ ಅಜ್ಜಿ?" ಅಂದಳು.

"ಬರ್ತದೆ ಮಗಾ," ಅಂದರು ಅವರು. "ಎಲ್ಲಿ ಅಂತ ಹೇಳ್ಲಿಕ್ಕೆ ಆಗೋದಿಲ್ಲ."