ಶ್ರುತಿ ಇಳಿಸಿದ ಊರು

ಬರ್ಮಿಂಗ್‌ಹ್ಯಾಮ್‌ನ ನ್ಯೂ ಸ್ಟ್ರೀಟ್ ರೈಲು ನಿಲ್ದಾಣದೊಳಗೆ ಒಂದು ಗೂಳಿ ನಿಂತಿದೆ. ಎತ್ತರ ಸುಮಾರು ಹತ್ತು ಮೀಟರ್. ತಲೆ ಆಡಿಸುತ್ತದೆ, ಕಣ್ಣು ಹೊರಳಿಸುತ್ತದೆ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಗೆಂದು ಕಟ್ಟಿದ ಯಂತ್ರದ ಗೂಳಿ ಅದು. ಅಂದು ಅದನ್ನು ಅಂಗಳಕ್ಕೆ ಎಳೆದು ತಂದವರು ಸರಪಳಿ ಮಾಡುವ ಹೆಂಗಸರ ವೇಷದಲ್ಲಿದ್ದರು. ನೂರು ವರ್ಷಗಳ ಹಿಂದೆ ಈ ಸೀಮೆಯ ಹೆಂಗಸರು ಹಿತ್ತಲಿನ ಕುಲುಮೆಗಳಲ್ಲಿ ಸರಪಳಿ ಬಡಿದೇ ಸಂಸಾರ ಸಾಗಿಸುತ್ತಿದ್ದರು. ಊರಿನ ಜನ ಮತ ಹಾಕಿ ಗೂಳಿಗೆ ಇಟ್ಟ ಹೆಸರು ಓಝಿ. ಗಿಟಾರ್ ಅಬ್ಬರಿಸುವ ರಾಕ್ ಸಂಗೀತವಾದ ಹೆವಿ ಮೆಟಲ್‌ಗೆ ಹೆಸರಾದ, ಇದೇ ಊರಿನ ಬ್ಲ್ಯಾಕ್ ಸಬತ್ ತಂಡದ ಹಾಡುಗಾರ ಓಝಿ ಆಸ್ಬೋರ್ನ್‌ನ ಹೆಸರು.

ಅಕ್ಟೋಬರ್ ತಿಂಗಳ ತುಂತುರು ಮಳೆಯಲ್ಲಿ ನಾನು ಈ ಊರಿಗೆ ಬಂದಿಳಿಯಲು ಎರಡು ಕಾರಣಗಳಿದ್ದವು. ಒಂದು, 2007ರ ಮಾರ್ಚ್ 17. ಅಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಲಂಡನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ನುಡಿಸಿತ್ತು. ಕಪ್ಪು ಅಂಗಿ ತೊಟ್ಟ ಸಾವಿರಾರು ಹುಡುಗರ ನಡುವೆ ನಾನೂ ಕುಣಿದಿದ್ದೆ. ಆ ಗಿಟಾರ್‌ನ ಭಾರ ಎಲ್ಲಿ ಹುಟ್ಟಿತು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಬರ್ಮಿಂಗ್‌ಹ್ಯಾಮ್. ಇನ್ನೊಂದು ಕಾರಣ ಅಪ್ಪನ ಬೆರಳು. ನಾನು ಐದನೇ ತರಗತಿಯಲ್ಲಿದ್ದಾಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಪವರ್ ಪ್ರೆಸ್ಸಿಗೆ ಅವರ ತೋರುಬೆರಳಿನ ತುದಿ ಹೋಯಿತು. ಗಾಯ ಮಾಯ್ದ ಮೇಲೆ ಅದೇ ಯಂತ್ರದ ಮುಂದೆ ಹೋಗಿ ನಿಂತರು. ನಿವೃತ್ತರಾಗುವವರೆಗೂ ಅಲ್ಲೇ ನಿಂತಿದ್ದರು.

ಮೊದಲ ದಿನ ಇದೇ ಊರಿನ ಬಡಾವಣೆ ಆಸ್ಟನ್‌ಗೆ ಹೋದೆ. ರೈಲಿನಲ್ಲಿ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳು. ಓಝಿ ಬೆಳೆದ ಮನೆ ಇರುವ ಲಾಡ್ಜ್ ರೋಡ್ ಕೂಡ ಹಾಗೆಯೇ ಇದೆ. ಅಲ್ಲಿ ಈಗ ಬೇರೆಯವರ ಸಂಸಾರ ನಡೆಯುತ್ತಿರುವುದರಿಂದ ಬಾಗಿಲೆದುರು ನಿಲ್ಲದೆ ಮುಂದೆ ನಡೆದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳು ಈ ಊರಿನ ಮೇಲೆ ಸುರಿದ ಬಾಂಬುಗಳಿಗೆ ಲೆಕ್ಕವಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷಗಳಾದರೂ ಇಲ್ಲಿನ ಮಕ್ಕಳಿಗೆ ಕುಸಿದ ಮನೆಗಳ ಅವಶೇಷಗಳೇ ಆಟದ ಬಯಲು. ದೊಡ್ಡವರಾದರೆ ಕಾರ್ಖಾನೆ. ಓಝಿಯ ತಾಯಿ ಲ್ಯೂಕಾಸ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ನಮ್ಮ ಕಡೆಯ ಮೋಟಾರು ಮೆಕ್ಯಾನಿಕ್‌ಗಳೂ ಬಲ್ಲ ಹೆಸರು ಅದು. ಮಗನಿಗೆ ಅಲ್ಲಿ ಸಿಕ್ಕ ಕೆಲಸ ಕಾರಿನ ಹಾರ್ನ್‌ಗಳ ಶ್ರುತಿ ಹೊಂದಿಸುವುದು. ಬೆಳಗಿನಿಂದ ಸಂಜೆಯವರೆಗೆ ಹಾರ್ನ್ ಸದ್ದು. ಆಮೇಲೆ ಕಸಾಯಿಖಾನೆಯಲ್ಲೂ ದುಡಿದ.

ಆದರೆ ನನ್ನನ್ನು ಇಲ್ಲಿಗೆ ಎಳೆದದ್ದು ಬ್ಲ್ಯಾಕ್ ಸಬತ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಟೋನಿ ಅಯೋಮಿಯ ಕಥೆ. 1965. ಅವನಿಗೆ ಹದಿನೇಳು ವರ್ಷ. ಲೋಹದ ತಗಡಿನ ಕಾರ್ಖಾನೆಯಲ್ಲಿ ಅಂದು ಅವನ ಕೊನೆಯ ದಿನ. ಒಂದು ತಂಡದ ಜೊತೆ ಯುರೋಪ್ ಪ್ರವಾಸಕ್ಕೆ ಹೊರಡುವವನಿದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂದು ತಾಯಿ ಕಳುಹಿಸಿದಳು. ಅವನ ಕೆಲಸ ಬೆಸುಗೆ ಹಾಕುವುದು. ತಗಡು ಬಗ್ಗಿಸಿ ಕೊಡುವವರು ಆ ದಿನ ಬಂದಿರಲಿಲ್ಲವಾದ್ದರಿಂದ ಅವನನ್ನೇ ಯಂತ್ರಕ್ಕೆ ನಿಲ್ಲಿಸಿದರು. ಪ್ರೆಸ್ ಬಲಗೈಯ ಮೇಲೆ ಇಳಿಯಿತು. ಬೆಚ್ಚಿ ಕೈ ಎಳೆದುಕೊಂಡಾಗ ನಡುಬೆರಳು ಮತ್ತು ಉಂಗುರದ ಬೆರಳಿನ ತುದಿಗಳು ಕಿತ್ತುಬಂದವು. ಅವನು ಎಡಚ. ತಂತಿ ಒತ್ತಬೇಕಾದದ್ದು ಅದೇ ಬಲಗೈ.

ಇನ್ನು ಗಿಟಾರ್ ಮುಗಿಯಿತು ಎಂದು ವೈದ್ಯರು ಹೇಳಿದರು. ಮನೆಗೆ ನೋಡಲು ಬಂದ ಕಾರ್ಖಾನೆಯ ಮೇಲಧಿಕಾರಿ ಜಾಂಗೋ ರೈನ್‌ಹಾರ್ಟ್‌ನ ಗಾನಮುದ್ರಿಕೆಯೊಂದನ್ನು ಕೇಳಿಸಿದ. ಬೆಂಕಿ ಅವಘಡದಲ್ಲಿ ಎರಡು ಬೆರಳುಗಳ ಸ್ವಾಧೀನ ಕಳೆದುಕೊಂಡೂ ಯುರೋಪನ್ನೆಲ್ಲ ಬೆರಗುಗೊಳಿಸಿದ ಗಿಟಾರ್ ವಾದಕ ಅವನು. ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ದರ್ಜಿಗಳು ಬೆರಳಿಗೆ ತೊಡುವಂಥ ಟೊಪ್ಪಿಗಳನ್ನು ಮಾಡಿಕೊಂಡ. ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು, ಹಾಗಾಗಿ ಬ್ಯಾಂಜೋದ ತೆಳು ತಂತಿಗಳನ್ನು ಕಟ್ಟಿದ. ಮುಂದೆ, 1971ರ ಮೂರನೇ ಆಲ್ಬಮ್ಮಿನ ಹೊತ್ತಿಗೆ, ಗಿಟಾರ್‌ನ ಶ್ರುತಿಯನ್ನೇ ಮೂರು ಅರ್ಧಸ್ವರದಷ್ಟು ಇಳಿಸಿದ. ತಂತಿ ಸಡಿಲವಾಯಿತು, ಬೆರಳು ಉಸಿರಾಡಿತು, ನಾದ ನೆಲದೊಳಗಿನಿಂದ ಬಂದಂತೆ ಗುಡುಗಿತು. ಇಂದಿಗೂ ಲೋಕದ ಎಲ್ಲ ಮೂಲೆಗಳಲ್ಲಿ ಹುಡುಗರು ಶ್ರುತಿ ಇಳಿಸಿ ನುಡಿಸುತ್ತಾರೆ, ಬೆರಳು ನೆಟ್ಟಗಿರುವವರೂ ಸಹ.

ಬ್ರಿಟನ್ನಿನ ತಂಡಗಳು ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಕಲಿತು ಅದನ್ನೇ ಅಮೆರಿಕಕ್ಕೆ ಮರಳಿಸಿದವು ಎಂಬ ಮಾತುಂಟು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್‌ಗಳ ಮೊದಲ ವರ್ಷಗಳಿಗೆ ಆ ಮಾತು ಸಲ್ಲುತ್ತದೆ. ಬ್ಲ್ಯಾಕ್ ಸಬತ್ ಕೂಡ ಬ್ಲೂಸ್‌ನಿಂದಲೇ ಹೊರಟಿತು, ಆದರೆ ಬೇರೆ ಕಡೆ ತಲುಪಿತು. 1970ರ ಫೆಬ್ರವರಿ 13ರ ಶುಕ್ರವಾರ ಬಂದ ಮೊದಲ ಆಲ್ಬಮ್ಮನ್ನು ಮುದ್ರಿಸಿಕೊಳ್ಳಲು ಅವರಿಗೆ ಸಿಕ್ಕಿದ್ದು ಒಂದೇ ದಿನ. ಅದರ ಮೊದಲ ಹಾಡಿನಲ್ಲಿ ಷಡ್ಜ, ತಾರಷಡ್ಜ, ಅಲ್ಲಿಂದ ಪ್ರತಿಮಧ್ಯಮಕ್ಕೆ ಇಳಿತ. ಅಷ್ಟೇ. ಕಲ್ಯಾಣಿಯಲ್ಲಿ ಮಂಗಳಕರವಾಗಿ ಕೇಳುವ ಅದೇ ಪ್ರತಿಮಧ್ಯಮ ಇಲ್ಲಿ ಪಂಚಮದ ಆಸರೆಯಿಲ್ಲದೆ ಒಂಟಿಯಾಗಿ ನಡುಗುತ್ತದೆ. ಹೂವು, ಪ್ರೀತಿ, ಶಾಂತಿ ಎಂದು ಹಾಡುತ್ತಿದ್ದ ಕಾಲಕ್ಕೆ ಆಸ್ಟನ್‌ನ ನಾಲ್ವರು ಭಯವನ್ನು ಹಾಡಿದರು. ವಿಮರ್ಶಕರು ಹಳಿದರು. ಕಾರ್ಖಾನೆಯ ಹುಡುಗರು ಕೊಂಡರು. ಅವರದೇ ನೆರೆಯ ವೆಸ್ಟ್ ಬ್ರಾಮ್‌ವಿಚ್‌ನ ಜುಡಾಸ್ ಪ್ರೀಸ್ಟ್ ತಂಡ ಎಪ್ಪತ್ತರ ದಶಕದ ಕೊನೆಗೆ ಚರ್ಮದ ಉಡುಪು, ಲೋಹದ ಗುಬುಟುಗಳನ್ನು ತೊಟ್ಟು ವೇದಿಕೆ ಏರಿತು. ಅರಮನೆ ಮೈದಾನದ ಹುಡುಗರ ಕೈಪಟ್ಟಿಗಳ ಜಾಡು ಹಿಡಿದರೆ ಇಲ್ಲಿಗೇ ಬಂದು ಸೇರುತ್ತೇವೆ.

ಮರುದಿನ ಬೆಳಿಗ್ಗೆ ರೆಡಿಚ್‌ಗೆ ಹೋದೆ. ಲೆಡ್ ಜೆಪ್ಲಿನ್‌ನ ರಾಕ್ ತಂಡದ ಡ್ರಮ್ ವಾದಕ ಜಾನ್ ಬೋನಮ್‌ನ ಊರು. ಪೇಟೆಯ ನಡುವೆ ಅವನ ಕಂಚಿನ ಸ್ಮಾರಕವಿದೆ. ನಮ್ಮೂರಿನ ಬುಲೆಟ್ ಬೈಕಿನ ತವರೂ ಇದೇ. ರಾಯಲ್ ಎನ್‌ಫೀಲ್ಡ್ ಕಾರ್ಖಾನೆ 1967ರಲ್ಲಿ ಇಲ್ಲಿ ಬಾಗಿಲು ಹಾಕಿತು, ಬೈಕು ಮಾತ್ರ ಚೆನ್ನೈನಲ್ಲಿ ಬದುಕಿ ಉಳಿಯಿತು. ಬೋನಮ್‌ನ ಏಟಿಗೂ ಬುಲೆಟ್ಟಿನ ಬಡಿತಕ್ಕೂ ಸಂಬಂಧ ಕಲ್ಪಿಸುವ ಆಸೆ ನನಗಿದೆ, ಪುರಾವೆಯಿಲ್ಲ. ಸ್ಮಾರಕದೆದುರು ಅರ್ಧ ಗಂಟೆ ಕುಳಿತು ಬಂದೆ.

ಮಧ್ಯಾಹ್ನ ಬ್ರಾಡ್ ಸ್ಟ್ರೀಟ್‌ನ ಸೇತುವೆ. ಕೆಳಗೆ ಕಾಲುವೆ, ಉದ್ದನೆಯ ಕಿರುದೋಣಿಗಳು. ಸೇತುವೆಗೆ ಈಗ ಬ್ಲ್ಯಾಕ್ ಸಬತ್ ಹೆಸರು. 2019ರಲ್ಲಿ ಇಟ್ಟ ಲೋಹದ ಬೆಂಚಿನ ಮೇಲೆ ನಾಲ್ವರ ಮುಖಗಳಿವೆ. 2025ರ ಜುಲೈ 5ರಂದು ಹುಟ್ಟಿ ಬೆಳೆದ ಕೇರಿಯ ಪಕ್ಕದ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಕೊನೆಯ ಬಾರಿ ನುಡಿಸಿದರು. ಓಝಿ ನಿಲ್ಲಲಾರದೆ ಸಿಂಹಾಸನದಲ್ಲಿ ಕುಳಿತೇ ಹಾಡಿದ. ಹದಿನೇಳು ದಿನಗಳ ನಂತರ ತೀರಿಕೊಂಡ. ಅಂತಿಮ ಯಾತ್ರೆ ಈ ಸೇತುವೆಯ ಮೇಲೆ ನಿಂತು ಮುಂದೆ ಸಾಗಿತು.

ಬೆಂಚಿನ ಮೇಲೆ ಕುಳಿತು ಅಪ್ಪನಿಗೆ ವೀಡಿಯೊ ಕರೆ ಮಾಡಿದೆ. ಬೆಂಗಳೂರಿನಲ್ಲಿ ಆಗಲೇ ಸಂಜೆ. ಅಯೋಮಿಯ ಮುಖ ತೋರಿಸಿ ಕಥೆ ಹೇಳಿದೆ. ಈ ಸಂಗೀತವನ್ನು ಅವರು ಎಂದೂ ಮೆಚ್ಚಿದವರಲ್ಲ. ಸುಮ್ಮನೆ ಕೇಳಿಸಿಕೊಂಡು, ತಮ್ಮ ಮೊಂಡು ಬೆರಳನ್ನು ಹೆಬ್ಬೆರಳಿನಿಂದ ಸವರಿಕೊಂಡರು.

“ಪ್ಲಾಸ್ಟಿಕ್ ಆದರೆ ತಂತಿಯ ಮೇಲೆ ಜಾರುವುದಿಲ್ಲವೇನೋ?”

“ಅದಕ್ಕೇ ಚರ್ಮ ಅಂಟಿಸಿದ್ದು ಅಪ್ಪ.”

“ಹೌದು, ಚರ್ಮವೇ ಸರಿ. ಹಿಡಿತ ಬರುತ್ತದೆ” ಎಂದು ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, “ಎಲ್ಲಿ, ಅವನು ನುಡಿಸಿದ್ದನ್ನು ಒಂದಿಷ್ಟು ಹಾಕು” ಎಂದರು.