ಶಿರಾಡಿ ದಾರಿಯಲ್ಲಿ ಮಂಗಳೂರಿಗೆ: ಫ್ಯಾನ್ ಸದ್ದು ಕೇಳಿ, ಟೈರ್ ನೋಡಿ ಹೊರಡಿ

ಬೆಂಗಳೂರಿನಿಂದ ನೆಲಮಂಗಲ, ಹಾಸನ, ಸಕಲೇಶಪುರದ ಮೇಲೆ ಮಂಗಳೂರಿಗೆ ಸುಮಾರು 350 ಕಿ.ಮೀ. ಬೇಸಿಗೆಯಲ್ಲಿ ಈ ದಾರಿ ಹಿಡಿದರೆ ಹಾಸನದವರೆಗಿನ ಚತುಷ್ಪಥದಲ್ಲಿ ಟೈರ್ ಕಾದು ಬಿಸಿಯಾಗುತ್ತದೆ, ವಾಪಸ್ ಬರುವಾಗ ಶಿರಾಡಿ ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಎಂಜಿನ್ ಕಾಯುತ್ತದೆ.

ಹೊರಡುವ ಹಿಂದಿನ ದಿನ ಗಾಡಿ ನಿಂತಲ್ಲೇ ಸ್ಟಾರ್ಟ್ ಮಾಡಿ, ಎ.ಸಿ. ಹಾಕಿ, ಬಾನೆಟ್ ಎತ್ತಿ ಕೇಳಿ. ಒಂದೆರಡು ನಿಮಿಷದೊಳಗೆ ಎಂಜಿನ್ ತಣಿಸುವ ರೇಡಿಯೇಟರ್ ಫ್ಯಾನ್ ತಿರುಗಬೇಕು. ಒಂದೇ ಸಮನೆ 'ಗುಂಯ್' ಎಂದರೆ ಸರಿಯಿದೆ. 'ಟರ್ರ್' ಎಂದು ಉಜ್ಜಿದ ಸದ್ದು ಬಂದರೆ ಒಣ ಎಲೆ ಸಿಕ್ಕಿರಬಹುದು, ಇಲ್ಲವೇ ರೆಕ್ಕೆ ಮುರಿದು ಸುತ್ತಲಿನ ಪ್ಲಾಸ್ಟಿಕ್ ಕವಚಕ್ಕೆ ತಾಗುತ್ತಿರಬಹುದು. 'ಕೀಂಯ್' ಎಂದು ಕಿರುಗುಟ್ಟಿದರೆ ಮೋಟಾರಿನ ಬೇರಿಂಗ್ ಸವೆದಿರಬಹುದು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಕೊನೆಗೆ ಮೋಟಾರ್ ನೋಡಿಸಿ. ಫ್ಯಾನ್ ಜೋರು ವೇಗದಲ್ಲಿ ಮಾತ್ರ ತಿರುಗಿ, ನಿಧಾನ ವೇಗ ಸಿಗದಿದ್ದರೆ ಹಲವು ಗಾಡಿಗಳಲ್ಲಿ ವೇಗ ತಗ್ಗಿಸುವ ರೆಸಿಸ್ಟರ್ ಹೋಗಿರುತ್ತದೆ. ಎಂಜಿನ್ ಆರಿಸಿದ ಮೇಲೂ ಕೆಲವು ಗಾಡಿಗಳಲ್ಲಿ ಫ್ಯಾನ್ ತಿರುಗುತ್ತದೆ, ಅದು ದೋಷವಲ್ಲ. ಆದರೆ ಅದು ಹೇಳದೆ ಕೇಳದೆ ಶುರುವಾಗುತ್ತದೆ, ಕೈ ದೂರವಿರಲಿ.

ಶಿರಾಡಿ ಏರುವಾಗ ಲಾರಿಗಳ ಹಿಂದೆ ತೆವಳಬೇಕಾಗುತ್ತದೆ, ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ಆಗ ಫ್ಯಾನ್ ಜೋರಾಗಿ ಮೊರೆಯುವುದು ಸಹಜ. ಮೂರನೇ ಗೇರಿನಲ್ಲಿ ಮುಕ್ಕಿರಿಸಬೇಡಿ, ಎರಡಕ್ಕೆ ಇಳಿಸಿ: ಎಂಜಿನ್ ಹಗುರಾಗಿ ತಿರುಗಿದರೆ ವಾಟರ್ ಪಂಪೂ ಚುರುಕಾಗಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ತಳ್ಳುತ್ತದೆ. ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ. ಕೆಂಪು ಮುಟ್ಟಿದ್ದರೆ ಎಂಜಿನ್ ಆರಿಸಿಬಿಡಿ. ರೇಡಿಯೇಟರಿನ ಮುಚ್ಚಳವನ್ನು ಮುಕ್ಕಾಲು ಗಂಟೆಯಾದರೂ ಮುಟ್ಟಬೇಡಿ, ಒತ್ತಡದಲ್ಲಿರುವ ಕುದಿ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ.

ಟೈರ್ ಸಿಡಿಯಲು ಮುಖ್ಯ ಕಾರಣ ಗಾಳಿ ಕಡಿಮೆ ಇರುವುದು. ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಒಳಗಿಂದಲೇ ಕಾಯುತ್ತದೆ. ಗಾಡಿ ತಣ್ಣಗಿರುವಾಗ, ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಪೂರ್ತಿ ಲೋಡಿಗೆ ಹೇಳಿದಷ್ಟು ಗಾಳಿ ಹಿಡಿಸಿ, ಸ್ಟೆಪ್ನಿಗೂ. ದಾರಿಯಲ್ಲಿ ಬಿಸಿಯಾಗಿ ಒತ್ತಡ ನಾಲ್ಕೈದು ಪಿಎಸ್‌ಐ ಏರಿದ್ದನ್ನು ನೋಡಿ ಗಾಳಿ ಬಿಡಬೇಡಿ. ಟೈರ್ ಎಷ್ಟು ಹಳೆಯದೆಂದೂ ನೋಡಿ: ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಗೋಡೆ ಉಬ್ಬಿದ್ದರೆ ಅದೇ ಟೈರಿನಲ್ಲಿ ಹೊರಡಲೇಬೇಡಿ. ಓಡುವಾಗ 'ದಡ್ ದಡ್' ಎಂದು ಸ್ಟೀರಿಂಗ್ ಅಥವಾ ಸೀಟು ನಡುಗಲು ಶುರುವಾದರೆ ಕೂಡಲೇ ನಿಧಾನಿಸಿ, ನಿಲ್ಲಿಸಿ ನೋಡಿ.

ಸಿಡಿದೇಬಿಟ್ಟರೆ ಬ್ರೇಕ್ ಒತ್ತಬೇಡಿ. ಒತ್ತಿದರೆ ಭಾರವೆಲ್ಲ ಮುಂದಕ್ಕೆ ಬಿದ್ದು ಗಾಡಿ ಅಡ್ಡ ತಿರುಗುತ್ತದೆ. ಮುಂದಿನ ಟೈರಾದರೆ ಸಿಡಿದ ಕಡೆಗೆ ಎಳೆಯುತ್ತದೆ, ಹಿಂದಿನದಾದರೆ ಬಾಲ ಓಲಾಡುತ್ತದೆ. ಎರಡಕ್ಕೂ ಉಪಾಯ ಒಂದೇ: ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು ನೇರಕ್ಕೆ ಇಟ್ಟುಕೊಂಡು, ಆಕ್ಸಿಲರೇಟರಿನಿಂದ ಕಾಲನ್ನು ನಿಧಾನಕ್ಕೆ ಎತ್ತಿ. ವೇಗ 30–40ಕ್ಕೆ ಬಂದ ಮೇಲೆ ಎಡ ಇಂಡಿಕೇಟರ್ ಹಾಕಿ ಅಂಚಿಗೆ ಉರುಳಿಸಿ. ಎಲ್ಲರನ್ನೂ ಎಡ ಬಾಗಿಲಿಂದ ಇಳಿಸಿ ತಡೆಬೇಲಿಯಾಚೆ ನಿಲ್ಲಿಸಿ, ಎಚ್ಚರಿಕೆಯ ತ್ರಿಕೋನವನ್ನು ಗಾಡಿಯಿಂದ 50 ಮೀಟರಿಗೂ ಹೆಚ್ಚು ಹಿಂದೆ ಇಡಿ.

ಚಕ್ರ ಬದಲಿಸಲು ನೆಲ ಸಮತಟ್ಟಾಗಿಲ್ಲದಿದ್ದರೆ, ರಿಮ್ ಹಾಳಾದರೂ ಸರಿ, ಇನ್ನಷ್ಟು ದೂರ ಉರುಳಿಸಿಕೊಂಡು ಹೋಗಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಬಿಚ್ಚಿದ ಚಕ್ರವನ್ನು ಗಾಡಿಯಡಿ ಮಲಗಿಸಿದರೆ ಜಾಕ್ ಜಾರಿದರೂ ಕೈ ಉಳಿಯುತ್ತದೆ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಸಿ. ಇಳಿಸಿದ ಮೇಲೆ ಇನ್ನೊಮ್ಮೆ, 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಸ್ಟೆಪ್ನಿ ಸಣ್ಣ ಗಾತ್ರದ್ದಾದರೆ 80ರ ವೇಗ ಮೀರಬೇಡಿ. ಕೈಮೀರಿದರೆ ಹೆದ್ದಾರಿ ಸಹಾಯವಾಣಿ 1033.